ಮೂವತ್ತೆಂಟು ಜನ, ಎಂಟು ಕುದುರೆ

ಹೋದ ನವೆಂಬರಿನ ಒಂದು ರಾತ್ರಿ ಅಮ್ಮ ವಿಡಿಯೋ ಕಾಲ್ ಮಾಡಿದಾಗ ನನ್ನ ಎಡಗೈ ಹೆಬ್ಬೆರಳಿನ ಮೇಲೆ ಐದು ಬಗೆಯ ಕಂದು ಚುಕ್ಕೆಗಳಿದ್ದವು. ನಾಟಿಂಗ್‌ಹ್ಯಾಮಿನಲ್ಲಿ ಆಗ ರಾತ್ರಿ ಹನ್ನೆರಡೂವರೆ, ಅರಸೀಕೆರೆಯಲ್ಲಿ ಬೆಳಗಿನ ಆರು.

"ಅದೇನೇ ಅದು ಕೈಗೆ? ಸುಟ್ಕೊಂಡ್ಯಾ?"

"ಇಲ್ಲಮ್ಮ, ಬಣ್ಣ."

"ಎಂಥ ಬಣ್ಣ?"

"ಈಜಿಪ್ಟಿನವರ ಮೈಬಣ್ಣ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಥೀಸಿಸ್ ಎಲ್ಲಿಗ್ ಬಂತು?" ಅಂದಳು. ಪಿಎಚ್‌ಡಿ ಮಾಡುವವರನ್ನು ಯಾರೂ ಕೇಳಬಾರದ ಪ್ರಶ್ನೆ ಅದೊಂದೇ. ನಾನು ಕುಂಚವನ್ನು ನೀರಿನಲ್ಲಿ ಅದ್ದಿ, ತಿಂಡಿ ಏನು ಮಾಡುತ್ತೀ ಎಂದು ಮಾತು ತಿರುಗಿಸಿದೆ.

ಅಮ್ಮನಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ನಾನು ಗೋಧಿಯ ಬೇರುಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಮೂರನೆಯ ವರ್ಷ. ಎರಡು ತಳಿಗಳಲ್ಲಿ ನೀರು ಕಡಿಮೆಯಾದಾಗ ಯಾವುದರ ಬೇರು ಹೆಚ್ಚು ಆಳಕ್ಕಿಳಿಯುತ್ತದೆ ಎನ್ನುವುದು ನನ್ನ ಪ್ರಶ್ನೆ. ನಲವತ್ತೆಂಟು ಉದ್ದನೆಯ ಕೊಳವೆಗಳಿಗೆ ಮಣ್ಣು ತುಂಬಿ, ಬೀಜ ಹಾಕಿ, ಅರ್ಧಕ್ಕೆ ನೀರು ಕೊಟ್ಟು ಅರ್ಧಕ್ಕೆ ನಿಲ್ಲಿಸಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಬೇರು ತೊಳೆದು ಅಳೆದೆ. ಎರಡೂ ತಳಿಗಳ ಬೇರು ಹೆಚ್ಚುಕಮ್ಮಿ ಒಂದೇ ಆಳಕ್ಕೆ ಹೋಗಿದ್ದವು. ಬೇರು ತೊಳೆದ ತೊಟ್ಟಿಯ ಪಕ್ಕ ನಿಂತು ಆ ಅಂಕಿಗಳನ್ನು ಎಷ್ಟು ಸಲ ನೋಡಿದರೂ ಅವು ಬದಲಾಗಲಿಲ್ಲ. ಆದರೆ ಮೂರು ಕೊಳವೆಗಳನ್ನು ಲೆಕ್ಕದಿಂದ ತೆಗೆದುಬಿಟ್ಟರೆ ವ್ಯತ್ಯಾಸ ಕಾಣುತ್ತಿತ್ತು, ಅದೂ ಚೆನ್ನಾಗಿಯೇ. ಆ ಮೂರರ ತಳದಲ್ಲಿ ನೀರು ಜಿನುಗಿತ್ತೇನೋ ಎಂಬ ಅನುಮಾನವೂ ನನಗಿತ್ತು. ಅನುಮಾನ ಯಾವಾಗ ಹುಟ್ಟಿತು ಎಂದರೆ, ಫಲಿತಾಂಶ ನೋಡಿದ ಮೇಲೆ.

ವಾರ್ಷಿಕ ವರದಿ ಕೊಡಲು ಜನವರಿಯ ಕೊನೆಯವರೆಗೆ ಸಮಯವಿತ್ತು. ನಾನು ಬರೆಯುವ ಬದಲು ಸೈನ್ಯಕ್ಕೆ ಬಣ್ಣ ಬಳಿಯುತ್ತಿದ್ದೆ.

ಸೈನ್ಯ ನನ್ನದಲ್ಲ, ಮೇಷ್ಟ್ರದು. ಮೇಷ್ಟ್ರು ಎಂದರೆ ಎಪ್ಪತ್ತು ದಾಟಿದ ಇಂಗ್ಲಿಷ್ ಮನುಷ್ಯ, ನಿವೃತ್ತ ಹೈಸ್ಕೂಲು ಇತಿಹಾಸದ ಮಾಸ್ತರು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಗೈಡನ್ನೂ ಹಾಗೇ ಕರೆಯಬೇಕು, ಅದಕ್ಕೇ ನಾಲಗೆ ಹೊಂದಿಕೊಳ್ಳಲು ಒಂದು ವರ್ಷ ಹಿಡಿಯಿತು. ಈ ಹಿರಿಯರ ಮಟ್ಟಿಗೆ ನಾಲಗೆ ಸೋತಿತು. ಎದುರಿಗೆ ಹೆಸರನ್ನು ಹೇಗೋ ನುಂಗಿಕೊಂಡು ಮಾತಾಡುತ್ತೇನೆ; ಮನಸ್ಸಿನಲ್ಲಿ ಅವರು ಮೇಷ್ಟ್ರು.

ಅವರು ಸಿಕ್ಕಿದ್ದು ಮಳೆಯಿಂದ. ಒಂದು ಮಂಗಳವಾರ ಸಂಜೆ ಬಸ್ಸು ತಪ್ಪಿ, ದೀಪ ಉರಿಯುತ್ತಿದ್ದ ಒಂದು ಸಮುದಾಯ ಭವನದೊಳಗೆ ನುಗ್ಗಿದೆ. ಚೆಸ್ ಕ್ಲಬ್ಬಿರಬೇಕು ಅಂದುಕೊಂಡೆ. ಹತ್ತು ಹನ್ನೆರಡು ಗಂಡಸರು, ಹೆಚ್ಚಿನವರು ನಮ್ಮಪ್ಪನ ವಯಸ್ಸಿನವರು, ಹಸಿರು ಬಟ್ಟೆ ಹಾಸಿದ ಮೇಜುಗಳ ಸುತ್ತ ಬಗ್ಗಿ ನಿಂತಿದ್ದರು. ಮೇಜಿನ ಮೇಲೆ ಗುಡ್ಡ, ಹೊಳೆ, ಕಿರುಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೈನಿಕರು. ಒಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು, ಇನ್ನೊಬ್ಬರು ದಾಳ ಉರುಳಿಸುತ್ತಿದ್ದರು. ನನ್ನನ್ನು ನೋಡಿ ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಒಬ್ಬರು ಚಹಾ ತಂದುಕೊಟ್ಟರು. ಅವರು ಲೋಟ ಕೊಡುವಾಗ ಅರ್ಧ ಚಹಾ ತಟ್ಟೆಯಲ್ಲಿತ್ತು. ಅವರೇ ಮೇಷ್ಟ್ರು.

ಈ ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಚದುರಂಗ ಎಂಬ ಹೆಸರಿನಲ್ಲೇ ಸೇನೆಯ ನಾಲ್ಕು ಅಂಗಗಳಿವೆ, ಹಾಗಾಗಿ ಮೂಲಪುರುಷರು ನಾವೇ ಎಂದು ಬೇಕಾದರೆ ಹೆಮ್ಮೆಪಡಬಹುದು. ಆದರೆ ಚೌಕದ ಮನೆಗಳನ್ನು ಬಿಟ್ಟು, ನೆಲದ ಏರಿಳಿತ, ದೂರದ ಅಳತೆ, ದಾಳದ ಅದೃಷ್ಟ ಎಲ್ಲವನ್ನೂ ಸೇರಿಸಿ ಯುದ್ಧವನ್ನು ಮೇಜಿಗೆ ತಂದವರು ಪ್ರಶ್ಯದವರು. ರೈಸ್ವಿಟ್ಸ್ ಎಂಬ ತಂದೆ ಶುರುಮಾಡಿದ್ದನ್ನು ಮಗ 1824ರಲ್ಲಿ ನಿಯಮಗಳ ಪುಸ್ತಕವಾಗಿ ತಂದ. ಅದು ಅಧಿಕಾರಿಗಳ ತರಬೇತಿಗೆ. ಮನೆಯ ನೆಲದ ಮೇಲೆ ಆಟಿಕೆ ಸಿಪಾಯಿಗಳನ್ನು ಇಟ್ಟುಕೊಂಡು ದೊಡ್ಡವರೂ ಆಡಬಹುದು ಎಂದು ತೋರಿಸಿದ್ದು ಎಚ್. ಜಿ. ವೆಲ್ಸ್, 1913ರ 'ಲಿಟಲ್ ವಾರ್ಸ್' ಪುಸ್ತಕದಲ್ಲಿ. ಪುಸ್ತಕ ಬಂದ ಮರುವರ್ಷವೇ ಯೂರೋಪಿನಲ್ಲಿ ದೊಡ್ಡ ಯುದ್ಧ ಶುರುವಾಯಿತು. ಎರಡು ಮಹಾಯುದ್ಧಗಳ ನಂತರ, 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಓದಿ ಇಂಗ್ಲೆಂಡಿನ ಒಂದು ತಲೆಮಾರಿನ ಹುಡುಗರು ಈ ಹುಚ್ಚಿಗೆ ಬಿದ್ದರು. ನಮ್ಮ ಮೇಷ್ಟ್ರು ಆ ಹುಡುಗರಲ್ಲೊಬ್ಬರು. ನಾಟಿಂಗ್‌ಹ್ಯಾಮ್ ಸುತ್ತಮುತ್ತ ಈ ಪುಟ್ಟ ಸಿಪಾಯಿಗಳನ್ನು ಎರಕ ಹೊಯ್ಯುವ ಕಂಪನಿಗಳು ಎಷ್ಟಿವೆಯೆಂದರೆ, ಆಟದವರು ಈ ಪ್ರದೇಶವನ್ನು 'ಸೀಸದ ಪಟ್ಟಿ' ಎಂದು ಕರೆಯುತ್ತಾರೆ. ನಾನು ಇಲ್ಲಿಗೆ ಬಂದದ್ದು ಗೋಧಿಗಾಗಿ. ಈ ವಿಷಯ ಯಾರೂ ಹೇಳಿರಲಿಲ್ಲ.

ಮೂರನೆಯ ಮಂಗಳವಾರ ಮೇಷ್ಟ್ರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದರು. ಒಳಗೆ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಬೂದು ಲೋಹದ ಈಜಿಪ್ಟ್ ಸೈನ್ಯ. 1983ರಲ್ಲಿ ಕೊಂಡದ್ದಂತೆ. ಕೆಲಸ, ಮಕ್ಕಳು, ಪರೀಕ್ಷೆಯ ಪೇಪರು ತಿದ್ದುವುದು, ಆಮೇಲೆ ಬಳಿದರಾಯಿತು ಎಂದು ನಿವೃತ್ತಿಗೆ ಎತ್ತಿಟ್ಟರು. ನಿವೃತ್ತಿಯಾಯಿತು, ಕೈ ನಡುಗಲು ಶುರುವಾಯಿತು. ಅವರದು ವಿಚಿತ್ರ ನಡುಕ. ಕೈ ತೊಡೆಯ ಮೇಲೆ ಸುಮ್ಮನೆ ಇದ್ದರೆ ಶಾಂತ. ಏನಾದರೂ ಕೆಲಸಕ್ಕೆಂದು ಎತ್ತಿದರೆ ಸಾಕು, ನಡುಗುತ್ತದೆ. ಕೆಲಸ ಸೂಕ್ಷ್ಮವಾದಷ್ಟೂ ನಡುಕ ಹೆಚ್ಚು. "ನಿನ್ನ ಕೈ ಹೇಗೆ?" ಎಂದು ಕೇಳಿದರು. ಬೇರಿನ ಕೂದಲೆಳೆಗಳನ್ನು ಇಕ್ಕಳದಲ್ಲಿ ಬಿಡಿಸುವವಳು ನಾನು, ಕೈ ಗಟ್ಟಿ ಎಂದೆ.

ಎಣಿಸಿದೆವು. ಒಬ್ಬ ಸೈನಿಕ ಅಂಗಾಲಿನಿಂದ ಕಣ್ಣಿನವರೆಗೆ 15 ಮಿ.ಮೀ. ಬಿಲ್ಲುಗಾರರು ಹನ್ನೆರಡು. ಗುರಾಣಿ ಹಿಡಿದು ಕೊಡಲಿ, ಕುಡುಗೋಲು ಆಕಾರದ ಖೋಪೇಶ್ ಕತ್ತಿಗಳಿಂದ ಹತ್ತಿರ ನಿಂತು ಹೊಡೆದಾಡುವವರು ಹನ್ನೆರಡು. ಕೊಂಬಿನ ಶಿರಸ್ತ್ರಾಣ ತೊಟ್ಟ ಶರ್ದನರು ನಾಲ್ವರು. ಇವರು ಸಮುದ್ರದ ಕಡೆಯಿಂದ ಬಂದವರು, ಎರಡನೆಯ ರಾಮ್ಸೆಸ್‌ನ ಕಾವಲುಪಡೆಯಲ್ಲಿದ್ದರು. ಮುಂದೆ ಓಡಾಡಿ ಕಲ್ಲು ಬೀರುವವರು ಇಬ್ಬರು. ನಾಲ್ಕು ರಥ, ಒಂದೊಂದಕ್ಕೆ ಇಬ್ಬರು ಮನುಷ್ಯರು, ಎರಡು ಕುದುರೆ. ಒಟ್ಟು ಮೂವತ್ತೆಂಟು ಜನ, ಎಂಟು ಕುದುರೆ. 1990ರಲ್ಲಿ ಬಂದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ಎಂಬ ನಿಯಮಾವಳಿಯಲ್ಲಿ ಒಂದು ಸೈನ್ಯಕ್ಕೆ ಹನ್ನೆರಡು ತುಕಡಿ ಸಾಕು. ಒಂದೊಂದು ತುಕಡಿ 40 ಮಿ.ಮೀ. ಅಗಲದ ಪಟ್ಟಿಯ ಮೇಲೆ ನಿಂತಿರುತ್ತದೆ. ಇಡೀ ಸಾಮ್ರಾಜ್ಯದ ಸೇನೆ ಒಂದು ಊಟದ ತಟ್ಟೆಯಲ್ಲಿ ಹಿಡಿಸುತ್ತದೆ.

ಬಿಲ್ಲುಗಾರರಲ್ಲಿ ಒಬ್ಬ ಮುಟ್ಟುತ್ತಿದ್ದಂತೆ ಉದುರಿಹೋದ. ಅವನ ಕಾಲು ಬಿಳಿ ಹುಡಿಯಾಗಿತ್ತು. ಡಬ್ಬಿಯನ್ನು ಮೂವತ್ತು ವರ್ಷ ಓಕ್ ಮರದ ಬೀರುವಿನಲ್ಲಿ ಇಟ್ಟಿದ್ದರಂತೆ. ಓಕ್ ಮರ ನಿಧಾನವಾಗಿ ಅಸೆಟಿಕ್ ಆಮ್ಲದ ಆವಿ ಬಿಡುತ್ತದೆ, ಆ ಆವಿ ಸೀಸವನ್ನು ತಿಂದು ಕಾರ್ಬೊನೇಟ್ ಮಾಡುತ್ತದೆ. ತಮಾಷೆಯೆಂದರೆ ಹಿಂದಿನ ಚಿತ್ರಕಾರರು ಸೀಸದ ಬಿಳಿ ಬಣ್ಣ ತಯಾರಿಸುತ್ತಿದ್ದುದೂ ಹೀಗೆಯೇ, ಸೀಸದ ತಗಡನ್ನು ವಿನಿಗರಿನ ಆವಿಯಲ್ಲಿಟ್ಟು. ನಮ್ಮ ಬಿಲ್ಲುಗಾರ ಬಣ್ಣ ಬಳಿಸಿಕೊಳ್ಳುವ ಮೊದಲೇ ಬಣ್ಣವಾಗಿದ್ದ. ಇನ್ನೊಬ್ಬನನ್ನು ಅಂಚೆಯಲ್ಲಿ ತರಿಸೋಣವೇ ಎಂದು ಕೇಳಿದೆ. "ಬೇಡ, ನಲವತ್ತು ವರ್ಷ ಕಾದು ಒಬ್ಬನಾದರೂ ಸಾಯದಿದ್ದರೆ ಅದೆಂಥ ಸೈನ್ಯ" ಎಂದರು. ಆ ತುಕಡಿಯಲ್ಲಿ ಈಗಲೂ ಮೂವರೇ.

ಕೆಲಸದ ಮೊದಲ ಹಂತದಲ್ಲಿ ಕಲೆ ಏನೂ ಇಲ್ಲ. ಎರಕದ ಅಚ್ಚಿನ ಗೀಟುಗಳನ್ನು ಅರದಿಂದ ಉಜ್ಜಬೇಕು, ಸೋಪುನೀರಿನಲ್ಲಿ ತೊಳೆಯಬೇಕು, ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಸಾಲಾಗಿ ಅಂಟಿಸಬೇಕು, ಪ್ರೈಮರ್ ಸಿಂಪಡಿಸಬೇಕು. ಸೀಸ ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ನಾನು ಮೊದಲ ವಾರ ಅದೇ ಕೈಯಲ್ಲಿ ಚಿತ್ರಾನ್ನ ತಿಂದು ಮೇಷ್ಟ್ರಿಂದ ಬೈಸಿಕೊಂಡೆ. ಬಣ್ಣ ಒಣಗದಿರಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಅದರ ಮೇಲೆ ಬೇಕಿಂಗ್ ಪೇಪರ್ ಇಟ್ಟು ಬಣ್ಣ ಕಲಸುವುದು ಒಂದು ಉಪಾಯ. ಮೊದಲು ಮೂಲ ಬಣ್ಣ, ಒಣಗಿದ ಮೇಲೆ ತೆಳ್ಳನೆಯ ಕಂದು ನೀರು. ಅದು ಮಡಿಕೆ, ಬೆರಳಸಂದಿಗಳಲ್ಲಿ ಇಳಿದು ನಿಂತು ನೆರಳಾಗುತ್ತದೆ. ಆಮೇಲೆ ಮೂಗು, ಭುಜ, ಮಂಡಿಚಿಪ್ಪಿನ ಮೇಲೆ ತುಸು ತಿಳಿ ಬಣ್ಣ. ಇಷ್ಟು ಪುಟ್ಟ ಮೈಯ ಮೇಲೆ ಬೆಳಕು ತಾನಾಗಿ ನೆರಳು ಮಾಡುವುದಿಲ್ಲ, ನಾವೇ ಬರೆದುಕೊಡಬೇಕು.

ತಕರಾರು ಶುರುವಾದದ್ದು ಮೈಬಣ್ಣದಲ್ಲಿ.

ಮೇಷ್ಟ್ರು ತಮ್ಮ ಹಳೆಯ ಬಣ್ಣದ ಡಬ್ಬಿಗಳನ್ನೂ ಕೊಟ್ಟಿದ್ದರು. ಅದರಲ್ಲೊಂದರ ಮೇಲೆ 'ಫ್ಲೆಶ್' ಎಂದಿತ್ತು. ಮುಚ್ಚಳ ತೆಗೆದರೆ ಗುಲಾಬಿ. ಮೈ ಅಂದರೆ ಯಾರ ಮೈ ಎಂಬ ಪ್ರಶ್ನೆ ಆ ಡಬ್ಬಿ ತುಂಬಿದವರಿಗೆ ಬಂದಿರಲಿಲ್ಲ. ಗ್ರೀಕರಿಗೆ, ರೋಮನರಿಗೆ, ನೆಪೋಲಿಯನ್ನನ ಫ್ರೆಂಚರಿಗೆ ಇದು. ಉಳಿದವರಿಗೆಲ್ಲ ಇನ್ನೊಂದು ಡಬ್ಬಿ, ಅದರ ಮೇಲೆ ಬರೀ 'ಬ್ರೌನ್'. ಮೇಷ್ಟ್ರು ಹೇಳಿದರು: ಈಜಿಪ್ಟಿನವರಿಗೆ ಈ ಬ್ರೌನಿಗೆ ಒಂದಿಷ್ಟು ಕೆಂಪು ಹಾಕಿ ಇಟ್ಟಿಗೆ ಬಣ್ಣ ಮಾಡು, ಗೋರಿಯ ಚಿತ್ರಗಳಲ್ಲಿರುವ ಹಾಗೆ.

ಅವರು ಹೇಳಿದ್ದು ಸುಳ್ಳಲ್ಲ. ಈಜಿಪ್ಟಿನ ಗೋರಿಗಳ ಚಿತ್ರಗಳಲ್ಲಿ ಗಂಡಸರು ಕೆಂಗಂದು, ಹೆಂಗಸರು ತಿಳಿ ಹಳದಿ. ಅಲ್ಲಿನ ಗಂಡಸರು ಒಂದು ಬಣ್ಣದಲ್ಲೂ ಅವರ ಅಕ್ಕತಂಗಿಯರು ಇನ್ನೊಂದು ಬಣ್ಣದಲ್ಲೂ ಹುಟ್ಟುತ್ತಿರಲಿಲ್ಲ ಎಂಬುದು ಸ್ಪಷ್ಟ. ಅದು ಚಿತ್ರಕಾರರ ಸಂಪ್ರದಾಯ, ಯಕ್ಷಗಾನದ ಮುಖವರ್ಣಿಕೆಯಂತೆ. ಬಣ್ಣ ನೋಡಿದರೆ ಪಾತ್ರ ಯಾರೆಂದು ಗೊತ್ತಾಗಬೇಕು. ನಾನು ಅದನ್ನೇ ಹೇಳಿ, ನಾವು ಬಳಿಯುತ್ತಿರುವುದು ಚಿತ್ರವನ್ನೋ ಜನರನ್ನೋ ಎಂದು ಕೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಪಾಠ ಹೇಳುವ ಕಾಲದಲ್ಲೂ ಉತ್ತರ ಹೊಳೆಯದಿದ್ದಾಗ ಹೀಗೇ ಮಾಡುತ್ತಿದ್ದರೇನೋ.

ನಮ್ಮ ಮನೆಯಲ್ಲಿ ಐದು ಜನ, ಐದು ಬಣ್ಣ. ಅಜ್ಜಿ ಕೆಂಪಗೆ, ಅಪ್ಪ ಕಪ್ಪಗೆ, ಅಣ್ಣ ಬೇಸಿಗೆಯಲ್ಲಿ ಒಂದು ಚಳಿಗಾಲದಲ್ಲಿ ಒಂದು. ನನ್ನ ಮದುವೆಗೆಂದು ಅಮ್ಮ ಬರೆಸಿದ ವಿವರದಲ್ಲಿ 'ಗೋಧಿ ಮೈಬಣ್ಣ' ಎಂದಿದೆ. ಅದನ್ನು ಮೇಷ್ಟ್ರಿಗೆ ವಿವರಿಸಿದಾಗ ಅವರು ನಕ್ಕ ನಗುವಿಗೆ ಪಕ್ಕದ ಮೇಜಿನ ವಾಟರ್ಲೂ ಕದನ ಒಂದು ನಿಮಿಷ ನಿಂತಿತು. ಗೋಧಿಯ ಬೇರು ನೋಡಿ ನೋಡಿಯೇ ಹೀಗಾಯಿತೇ ಎಂದರು.

ಕೊನೆಗೆ ನಾನು ಡಬ್ಬಿಯ ಬಣ್ಣ ಬಿಟ್ಟು ನನ್ನದೇ ಐದು ಬಣ್ಣ ಕಲಸಿಕೊಂಡೆ. ಅವಕ್ಕೆ ನಾನಿಟ್ಟ ಹೆಸರು ಗೋಧಿ, ಬೆಲ್ಲ, ರಾಗಿಹಿಟ್ಟು, ಹುಣಸೆಹಣ್ಣು, ಹಳೆ ಹುಣಸೆಹಣ್ಣು. ಪ್ರತಿಯೊಂದನ್ನೂ ಹೆಬ್ಬೆರಳಿಗೆ ಹಚ್ಚಿ ನನ್ನ ಚರ್ಮದ ಪಕ್ಕದಲ್ಲಿಟ್ಟು ನೋಡಿದೆ. ಅಮ್ಮ ಕಾಲ್ ಮಾಡಿದ್ದು ಆ ರಾತ್ರಿಯೇ. ಗೋಧಿ ಎಂದು ಕಲಸಿದ ಚುಕ್ಕೆ ನನ್ನ ಕೈ ಮೇಲೆ ಕಡಲೆಹಿಟ್ಟಿನ ಹಾಗೆ ಬೆಳ್ಳಗೆ ಎದ್ದು ಕಂಡಿತು. ಬೆಲ್ಲದ ಚುಕ್ಕೆಯೂ ಕಂಡಿತು. ರಾಗಿಹಿಟ್ಟಿನದು ಮಾತ್ರ ಒಣಗಿದ ಮೇಲೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಅಮ್ಮನಿಗೆ ಇದನ್ನು ಹೇಳಲಿಲ್ಲ. ಇಪ್ಪತ್ತೆಂಟು ವರ್ಷವಾದರೂ ನನ್ನ ಬಣ್ಣ ಯಾವುದೆಂದು ನಾನು ಕಲಸಿ ನೋಡಿರಲಿಲ್ಲ. ಶಾಲೆಯ ಡ್ರಾಯಿಂಗ್ ಪುಸ್ತಕದಲ್ಲಿ ಎಲ್ಲರ ಮುಖಕ್ಕೂ ಕಿತ್ತಳೆಗೆ ಬಿಳಿ ಸೇರಿಸಿ ಹಚ್ಚುತ್ತಿದ್ದೆವು.

ಈ ವಾದಕ್ಕೆ ಸಾಕ್ಷಿಯೊಂದು ಕೈರೋದ ವಸ್ತುಸಂಗ್ರಹಾಲಯದಲ್ಲಿದೆ. ನಾನು ಅಲ್ಲಿಗೆ ಹೋಗಿಲ್ಲ, ಚಿತ್ರಗಳಲ್ಲಿ ನೋಡಿದ್ದು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಸ್ಯೂತ್ ಎಂಬಲ್ಲಿ ಮೆಸೆಹ್ತಿ ಎಂಬ ಪ್ರಾಂತ್ಯಾಧಿಕಾರಿ ತೀರಿಕೊಂಡಾಗ ಅವನ ಗೋರಿಯಲ್ಲಿ ಎರಡು ಮರದ ಪುಟ್ಟ ಸೈನ್ಯಗಳನ್ನಿಟ್ಟರು. ಒಂದರಲ್ಲಿ ನಲವತ್ತು ಈಜಿಪ್ಟಿನ ಭರ್ಜಿಯವರು, ಇನ್ನೊಂದರಲ್ಲಿ ನಲವತ್ತು ನ್ಯೂಬಿಯದ ಬಿಲ್ಲುಗಾರರು. ನಾಲ್ಕು ನಾಲ್ಕು ಜನ ಸಾಲಾಗಿ, ಹಲಗೆಯ ಮೇಲೆ, ಎಡಗಾಲು ಮುಂದಿಟ್ಟು ನಡೆಯುತ್ತಿದ್ದಾರೆ. ಈಜಿಪ್ಟಿನವರು ಕೆಂಗಂದು, ನ್ಯೂಬಿಯದವರು ಕಪ್ಪು. ಬಣ್ಣದಲ್ಲಿ ಸಂಪ್ರದಾಯ ಬಿಟ್ಟಿಲ್ಲ. ಆದರೆ ಎಲ್ಲರೂ ಒಂದೇ ಎತ್ತರವಿಲ್ಲ. ಒಬ್ಬ ಗಿಡ್ಡ, ಅವನ ಪಕ್ಕದವನು ಉದ್ದ. ಬಡಗಿ ಅಳತೆ ತಪ್ಪಿದನೆಂದು ಹೇಳಲಾಗದು, ಯಾಕೆಂದರೆ ಗುರಾಣಿಗಳೂ ಬೇರೆಬೇರೆ. ಪ್ರತಿ ಗುರಾಣಿಯ ಮೇಲೂ ಒಂದೊಂದು ಹಸುವಿನ ಚರ್ಮದ ಮಚ್ಚೆಗಳು, ಒಂದರಂತೆ ಇನ್ನೊಂದಿಲ್ಲ. ಸೈನ್ಯವನ್ನು ಮಾಡಲು ಕೂತವನು ನಲವತ್ತು ಜನರನ್ನು ಮಾಡಿ ಎದ್ದಿದ್ದಾನೆ. ಈ ಚಿತ್ರ ತೋರಿಸಿದ ಮೇಲೆ ಮೇಷ್ಟ್ರು ಬ್ರೌನ್ ಡಬ್ಬಿಯನ್ನು ತಿರುಗಿಸಿ ನೋಡಿ, ಚೀಲಕ್ಕೆ ಹಾಕಿಕೊಂಡರು. "ನಾನು ನಲವತ್ತು ವರ್ಷ ಒಂದೇ ಡಬ್ಬಿಯಿಂದ ಬಳಿದೆ" ಎಂದರು. ಬೇಸರವೋ ಬರೀ ಲೆಕ್ಕವೋ ತಿಳಿಯಲಿಲ್ಲ.

ಹಸುವಿನ ಚರ್ಮದ ಗುರಾಣಿಗಳು ಸಿಕ್ಕಿದ್ದು ನನ್ನ ಪುಣ್ಯ. ಮೇಲ್ಭಾಗ ದುಂಡಗೆ, ಕೆಳಗೆ ನೇರ, ಉಗುರಿನಷ್ಟು ದೊಡ್ಡದು. ಈ ಆಟದ ಹವ್ಯಾಸಿಗಳು ಫೋಟೋ ನೋಡಿ ಮಚ್ಚೆ ಬರೆಯುತ್ತಾರೆ. ನಾನು ನೆನಪಿನಿಂದ ಬರೆದೆ. ಅಜ್ಜನ ಹಟ್ಟಿಯ ಕೆಂದ, ಕಪ್ಪಿ, ಹಣೆಯಲ್ಲಿ ಬೊಟ್ಟಿದ್ದ ಹಸು, ಹೊಟ್ಟೆಯಡಿ ಮಾತ್ರ ಬಿಳಿಯಿದ್ದು ನೀರಿಗೆ ಇಳಿದಾಗ ಬಿಳಿ ಮುಳುಗಿಹೋಗುತ್ತಿದ್ದ ಎಮ್ಮೆಬಣ್ಣದ ಕಡಸು. ಮಚ್ಚೆಯ ಅಂಚು ಗೀಟು ಎಳೆದ ಹಾಗೆ ಇರುವುದಿಲ್ಲ, ಕೂದಲು ಕೂದಲಾಗಿ ಬೆರೆತಿರುತ್ತದೆ; ಕುಂಚದ ತುದಿಯಿಂದ ಹೊರಕ್ಕೆ ಚಿಕ್ಕಚಿಕ್ಕ ಎಳೆ ಎಳೆದರೆ ಬರುತ್ತದೆ. ಎರಡು ವಾರ ಸಂಜೆಗಳು ಇದಕ್ಕೇ ಹೋದವು. ಆ ಎರಡು ವಾರ ಆ ಮೂರು ಕೊಳವೆಗಳು ನೆನಪಾಗಲಿಲ್ಲ.

ರಾಜನ ರಥಕ್ಕೆ ನೀಲಿ ಬೇಕಿತ್ತು. ಯುದ್ಧದಲ್ಲಿ ಫೇರೋ ತೊಡುವ ಖೆಪ್ರೆಶ್ ಎಂಬ ಕಿರೀಟ ನೀಲಿ. ಈಜಿಪ್ಟಿನವರ ಉಳಿದ ಹೆಚ್ಚಿನ ಬಣ್ಣಗಳು ನೆಲದಿಂದ, ಒಲೆಯಿಂದ ಬಂದವು: ಕೆಮ್ಮಣ್ಣು, ಹಳದಿ ಮಣ್ಣು, ಮಸಿ, ಜಿಪ್ಸಮ್ಮಿನ ಬಿಳಿ, ಮ್ಯಾಲಕೈಟಿನ ಹಸಿರು. ನೀಲಿಯನ್ನು ಅವರು ತಯಾರಿಸಿದರು. ಮರಳು, ಸುಣ್ಣ, ತಾಮ್ರ, ಒಂದಿಷ್ಟು ಕ್ಷಾರ ಸೇರಿಸಿ ಸಾವಿರ ಡಿಗ್ರಿಯ ಹತ್ತಿರಕ್ಕೆ ಕಾಯಿಸಿದರೆ ಕ್ಯಾಲ್ಸಿಯಂ ತಾಮ್ರದ ಸಿಲಿಕೇಟ್ ಸಿಗುತ್ತದೆ. ಮನುಷ್ಯ ಮಾಡಿದ ಮೊದಲ ಕೃತಕ ವರ್ಣದ್ರವ್ಯ ಅದೇ ಎನ್ನುತ್ತಾರೆ. ಅದರ ಮೇಲೆ ಬೆಳಕು ಬಿದ್ದರೆ ಅದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೊರಸೂಸುತ್ತದೆ. ಹಾಗಾಗಿ ಗೋಡೆಯ ಮೇಲೆ ನೀಲಿ ಅಳಿಸಿಹೋಗಿ ನಾಲ್ಕೇ ಕಣ ಉಳಿದಿದ್ದರೂ ವಿಶೇಷ ಕ್ಯಾಮೆರಾದಲ್ಲಿ ಹೊಳೆಯುತ್ತದೆ. ನನ್ನ ನೀಲಿ ಅಂಗಡಿಯ ಅಕ್ರಿಲಿಕ್, ಅದಕ್ಕೆ ಆ ಯೋಗವಿಲ್ಲ.

ರಥಗಳನ್ನು ಬಳಿಯುವಾಗ ಕಾದೇಶ್ ಕದನದ ಬಗ್ಗೆ ಓದಿಕೊಂಡೆ, ಮೇಷ್ಟ್ರು ಆಡಬೇಕೆಂದಿದ್ದು ಅದನ್ನೇ. ಕ್ರಿ.ಪೂ. 1274ರ ಸುಮಾರಿಗೆ ರಾಮ್ಸೆಸ್ ನಾಲ್ಕು ದಳಗಳನ್ನು ಕಟ್ಟಿಕೊಂಡು ಈಗಿನ ಸಿರಿಯಾದ ಒರಾಂಟಿಸ್ ನದಿಯ ದಂಡೆಗೆ ಹೋದ. ದಳಗಳಿಗೆ ದೇವರ ಹೆಸರು: ಅಮುನ್, ರೇ, ಪ್ತಾಹ್, ಸೇತ್. ದಾರಿಯಲ್ಲಿ ಸಿಕ್ಕ ಇಬ್ಬರು ಅಲೆಮಾರಿಗಳು ಹಿಟ್ಟೈಟರ ರಾಜ ಮುವತಲ್ಲಿ ಇನ್ನೂ ದೂರದ ಅಲೆಪ್ಪೊದಲ್ಲಿದ್ದಾನೆ ಎಂದರು. ರಾಮ್ಸೆಸ್ ನಂಬಿದ. ಉಳಿದ ದಳಗಳನ್ನು ಕಾಯದೆ ಅಮುನ್ ದಳದೊಂದಿಗೆ ಮುಂದೆ ಹೋಗಿ ಬಿಡಾರ ಹೂಡಿದ. ಆಮೇಲೆ ಹಿಟ್ಟೈಟರ ಇಬ್ಬರು ಗೂಢಚಾರರು ಸಿಕ್ಕಿಬಿದ್ದರು, ಹೊಡೆದಾಗ ಬಾಯಿಬಿಟ್ಟರು. ಮುವತಲ್ಲಿ ಕಾದೇಶಿನ ಹಿಂದೆಯೇ ಇದ್ದ. ಅಷ್ಟರಲ್ಲಿ ಹಿಟ್ಟೈಟರ ರಥಗಳು ನದಿ ದಾಟಿ, ನಡೆದು ಬರುತ್ತಿದ್ದ ರೇ ದಳವನ್ನು ಪಕ್ಕದಿಂದ ಸೀಳಿ, ಬಿಡಾರಕ್ಕೇ ನುಗ್ಗಿದವು. ರಾಮ್ಸೆಸ್ ಹೇಗೋ ರಥಗಳನ್ನು ಒಟ್ಟುಮಾಡಿಕೊಂಡು ತಿರುಗಿ ಹೊಡೆದ, ಅಮುರ್ರು ಕಡೆಯಿಂದ ಬರುತ್ತಿದ್ದ ಇನ್ನೊಂದು ತುಕಡಿ ಸಮಯಕ್ಕೆ ಬಂತು, ಜೀವ ಉಳಿಯಿತು. ಕಾದೇಶ್ ಸಿಗಲಿಲ್ಲ. ಸೈನ್ಯ ಮನೆಗೆ ಹೋಯಿತು.

ಮನೆಗೆ ಹೋಗಿ ರಾಮ್ಸೆಸ್ ಏನು ಮಾಡಿದ? ಗೆದ್ದೆ ಎಂದು ಬರೆಸಿದ. ಅಬು ಸಿಂಬೆಲ್, ಲಕ್ಸರ್, ಕಾರ್ನಾಕ್, ಅಬಿಡಾಸ್, ತನ್ನದೇ ರಾಮೆಸಿಯಂ, ಕಂಡ ಕಂಡ ಗೋಡೆಯ ಮೇಲೆಲ್ಲ. ಎಲ್ಲರೂ ಓಡಿಹೋದರು, ನಾನೊಬ್ಬನೇ ನಿಂತು ಸಾವಿರಾರು ರಥಗಳನ್ನು ಪುಡಿಮಾಡಿದೆ ಎಂಬ ಕಾವ್ಯ. ಜೊತೆಗಿದ್ದವರೆಂದು ಒಪ್ಪಿಕೊಂಡದ್ದು ಸಾರಥಿ ಮೆನ್ನಾ ಮತ್ತು ಎರಡು ಕುದುರೆಗಳನ್ನು. 'ಥೀಬ್ಸ್‌ನಲ್ಲಿ ವಿಜಯ' ಒಂದರ ಹೆಸರು, 'ಮುತ್ ದೇವಿ ತೃಪ್ತಳು' ಇನ್ನೊಂದರದು. ಹಿಟ್ಟೈಟರ ಕಡೆಯ ದಾಖಲೆಗಳಲ್ಲಿ ಗೆದ್ದವರು ಹಿಟ್ಟೈಟರು. ಹದಿನೈದು ವರ್ಷದ ನಂತರ ಎರಡೂ ಕಡೆಯವರು ಶಾಂತಿ ಒಪ್ಪಂದ ಮಾಡಿಕೊಂಡರು. ಅದರ ಜೇಡಿಮಣ್ಣಿನ ಪ್ರತಿಗಳು 1906ರಲ್ಲಿ ಟರ್ಕಿಯ ಬೊಘಾಜ್‌ಕಾಯ್‌ನಲ್ಲಿ ಸಿಕ್ಕವು.

ಗೋಡೆಗಳ ಮೇಲಿನ ಆ ಗೆಲುವನ್ನು ನೋಡುತ್ತ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ರಾಮ್ಸೆಸ್‌ ಏನೂ ಇಲ್ಲದ್ದನ್ನು ಹುಟ್ಟಿಸಿ ಹೇಳಿದವನಲ್ಲ. ಸಿಕ್ಕಿಬಿದ್ದ ಗೂಢಚಾರರು, ಸೀಳಿಹೋದ ದಳ, ಬಿಡಾರಕ್ಕೆ ನುಗ್ಗಿದ ಶತ್ರು, ಎಲ್ಲವೂ ಅವನ ಗೋಡೆಯ ಮೇಲೇ ಇವೆ. ನಮಗೆ ಗೊತ್ತಿರುವುದೂ ಅಲ್ಲಿಂದಲೇ. ಅವನು ಬದಲಾಯಿಸಿದ್ದು ಕೊನೆಯ ಸಾಲನ್ನು. ಮೂರು ಕೊಳವೆ ತೆಗೆದರೆ ನಾನೂ ಉಳಿದ ನಲವತ್ತೈದರ ಬಗ್ಗೆ ಹೇಳುವುದೆಲ್ಲ ನಿಜವೇ ಆಗಿರುತ್ತಿತ್ತು.

ಮೈಸೂರಿನ ಅಜ್ಜಿಯ ಮನೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುತ್ತಿದ್ದರು. ಹಬ್ಬಕ್ಕೆ ವಾರ ಮೊದಲು ಅಟ್ಟದಿಂದ ಪೆಟ್ಟಿಗೆ ಇಳಿಸಿ, ಬಣ್ಣ ಹೋದ ಮಣ್ಣಿನ ಬೊಂಬೆಗಳಿಗೆ ಅಜ್ಜಿ ತಾನೇ ಬಣ್ಣ ಹಚ್ಚುತ್ತಿದ್ದಳು. ಕಣ್ಣು ಮಾತ್ರ ಎಲ್ಲ ಮುಗಿದ ಮೇಲೆ, ಸ್ನಾನ ಮಾಡಿ ಬಂದು. ಕಣ್ಣು ಬರೆದ ಮೇಲೆ ಬೇರೆ ಏನನ್ನೂ ತಿದ್ದುತ್ತಿರಲಿಲ್ಲ. "ನೋಡ್ತಾ ಇರೋರ ಮೈ ಮೇಲೆ ಬಳೀಬಾರ್ದು ಕಣೇ" ಅನ್ನುತ್ತಿದ್ದಳು. 15 ಮಿ.ಮೀ. ಬೊಂಬೆಗೆ ಕಣ್ಣು ಬರೆಯಬೇಡಿ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಬರೆದರೆ ಬೆಚ್ಚಿಬಿದ್ದವರಂತೆ ಕಾಣುತ್ತಾರೆ, ಹುಬ್ಬಿನ ಕೆಳಗೆ ಒಂದು ಕಪ್ಪು ಗೀಟು ಸಾಕು. ಮೂವತ್ತಾರು ಜನರಿಗೆ ಗೀಟು ಎಳೆದೆ. ರಾಮ್ಸೆಸ್‌ಗೆ ಮಾತ್ರ ಕಣ್ಣು ಬೇಕೆಂದು ಮೇಷ್ಟ್ರು ಹಟ ಹಿಡಿದರು. ಜನವರಿಯ ಒಂದು ಭಾನುವಾರ ತಲೆಗೆ ಸ್ನಾನ ಮಾಡಿ ಕೂತೆ. ಯಾಕೆಂದು ಕೇಳಬೇಡಿ. ಉಸಿರು ಹಿಡಿದು ಬಲಗಣ್ಣು ಬರೆದೆ, ಸರಿಯಾಯಿತು. ಎಡಗಣ್ಣು ತುಸು ಕೆಳಗಿಳಿಯಿತು. ತಿದ್ದಲು ಕುಂಚ ಎತ್ತಿದವಳು ಕೆಳಗಿಟ್ಟೆ. ಫೇರೋ ಇವತ್ತಿಗೂ ಮಂಡಿಯ ಕಡೆ ಅನುಮಾನದಿಂದ ನೋಡುತ್ತಿದ್ದಾನೆ.

ಆ ವಾರವೇ ವರದಿಯನ್ನೂ ಬರೆದೆ. ನಲವತ್ತೆಂಟು ಕೊಳವೆ, ವ್ಯತ್ಯಾಸ ಕಾಣಲಿಲ್ಲ, ಮೂರರಲ್ಲಿ ನೀರು ಜಿನುಗಿರಬಹುದು, ಆ ಅನುಮಾನ ಬಂದದ್ದು ಅಳತೆಯ ನಂತರ. ನಾಲ್ಕು ತಿಂಗಳು ಹೆದರಿಕೊಂಡಿದ್ದ ಪುಟ ಬರೆಯಲು ಒಂದೂವರೆ ಗಂಟೆ ಸಾಕಾಯಿತು. ಗೈಡ್ ಓದಿ, ಈ ಅಧ್ಯಾಯ ಚಿಕ್ಕದಾಗುತ್ತದೆ, ಪ್ರಯೋಗ ಇನ್ನೊಮ್ಮೆ ಮಾಡಬೇಕಾಗಬಹುದು ಎಂದರು. ಇನ್ನೊಮ್ಮೆ ಎಂದರೆ ಏಳು ತಿಂಗಳು. ನನ್ನ ವಿದ್ಯಾರ್ಥಿವೇತನ ಅಷ್ಟು ದಿನ ಬರುವುದಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಕೊಬ್ಬರಿ ಮಂಡಿಯ ಗದ್ದಲದ ನಡುವೆ ಅಪ್ಪ, "ಬೆಳೆ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಕಣಮ್ಮ, ಅದಕ್ಕೇನ್ಮಾಡಕಾಯ್ತದೆ" ಅಂದರು. ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.

ಫೆಬ್ರವರಿಯ ಮಂಗಳವಾರ ಕಾದೇಶ್. ಎರಡಡಿ ಚೌಕದ ಮೇಜು. ಕ್ಲಬ್ಬಿನ ಇನ್ನೊಬ್ಬರಿಂದ ಕೇಳಿ ತಂದ ಹಿಟ್ಟೈಟರು ನನ್ನ ಕಡೆ, ರಥಕ್ಕೆ ಮೂವರಂತೆ. ಈಜಿಪ್ಟಿನ ಬಿಡಾರವನ್ನು ನಾನೇ ಮಾಡಿದ್ದೆ. ಉಬ್ಬುಶಿಲ್ಪಗಳಲ್ಲಿರುವಂತೆ ಸುತ್ತ ಗುರಾಣಿಗಳ ಬೇಲಿ, ಒಳಗೆ ರಾಮ್ಸೆಸ್‌ನ ಸಾಕಿದ ಸಿಂಹ. ಎಪಾಕ್ಸಿ ಮೇಣದಲ್ಲಿ ಸಿಂಹ ಮಾಡಲು ಹೋದರೆ ಅರಸೀಕೆರೆ ಸ್ಟೇಷನ್ನಿನ ನಾಯಿಯಂತಾಗಿತ್ತು. ಮೇಷ್ಟ್ರು ಸೈನ್ಯವನ್ನು ಮೇಜಿಗೆ ಇಡುವ ಮೊದಲು ಒಂದೊಂದು ತುಕಡಿಯನ್ನೂ ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು. ಅವರ ಕೈಯಲ್ಲಿ ಗುರಾಣಿಗಳೆಲ್ಲ ನಡುಗುತ್ತಿದ್ದವು, ಸೈನಿಕರು ನಿಜಕ್ಕೂ ನಡೆಯುತ್ತಿರುವಂತೆ. ಮೂವರೇ ಇದ್ದ ಬಿಲ್ಲುಗಾರರ ಪಟ್ಟಿಯನ್ನು ಹೆಚ್ಚು ಹೊತ್ತು ಹಿಡಿದಿದ್ದರು.

ಈ ಆಟದಲ್ಲಿ ಸರದಿ ಬಂದಾಗ ಮೊದಲು ದಾಳ ಹಾಕಬೇಕು. ಬಿದ್ದಷ್ಟೇ ಗುಂಪುಗಳನ್ನು ಕದಲಿಸಬಹುದು. ಆರು ಬಿದ್ದರೆ ಎಲ್ಲರೂ ನಿಮ್ಮ ಮಾತು ಕೇಳುತ್ತಾರೆ, ಒಂದು ಬಿದ್ದರೆ ಸಾಮ್ರಾಟನಾದರೂ ಒಂದೇ ಗುಂಪು. ಮೇಷ್ಟ್ರಿಗೆ ಮೊದಲ ಮೂರು ಸರದಿ ಒಂದು, ಎರಡು, ಒಂದು. ಪ್ತಾಹ್ ದಳ ಇತಿಹಾಸದಲ್ಲಿದ್ದಂತೆ ಹಿಂದೆಯೇ ಉಳಿಯಿತು. ನಾಲ್ಕನೆಯ ಸರದಿಯಲ್ಲಿ ರಾಜನ ರಥ ಮುಂದಿಡಲು ಕೈ ಚಾಚಿದರು. ಕೈ ಜೋರಾಗಿ ನಡುಗಿ ಪಕ್ಕದ ಎರಡು ರಥ ಮಗುಚಿದವು, ಒಂದು ಕುದುರೆಯ ತಲೆಯ ಗರಿ ಬಾಗಿತು. ಯಾರೂ ಮಾತಾಡಲಿಲ್ಲ. ಮೇಷ್ಟ್ರು ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಅದು ಅಲ್ಲಿ ಸುಮ್ಮನಾಯಿತು.

"ನೀನೇ ಸರಿಸು. ಎರಡು ಪಟ್ಟಿ ಅಗಲ ಮುಂದಕ್ಕೆ, ಆಮೇಲೆ ನಿನ್ನ ಎಡದ ರಥಕ್ಕೆ ಎದುರಾಗಿ."

ಅಲ್ಲಿಂದ ಮುಂದೆ ಎರಡೂ ಸೈನ್ಯಗಳನ್ನು ನಾನೇ ನಡೆಸಿದೆ. ಅವರು ಹೇಳಿದಲ್ಲಿಗೆ ಅವರ ರಥ ತಂದು ನನ್ನ ಮೇಲೆ ಬಿಟ್ಟೆ, ಆಮೇಲೆ ಮೇಜಿನ ಈಚೆಗೆ ಬಂದು ಅದನ್ನು ತಡೆಯುವುದು ಹೇಗೆಂದು ಯೋಚಿಸಿದೆ. ದಾಳವನ್ನು ಮಾತ್ರ ಅವರೇ ಹಾಕುತ್ತಿದ್ದರು. ಅದಕ್ಕೆ ನಡುಗುವ ಕೈಯೇ ಒಳ್ಳೆಯದು ಎಂದರು. ನಾಲ್ಕು ತುಕಡಿ ಕಳೆದುಕೊಂಡವರು ಸೋತಂತೆ. ಒಂಬತ್ತೂಮುಕ್ಕಾಲಿಗೆ ಅವರದು ಮೂರು ಹೋಗಿದ್ದವು, ನನ್ನದೂ ಮೂರು. ಅವರ ಶರ್ದನರು ನನ್ನ ಕೊನೆಯ ರಥಗಳೆದುರು ನಿಂತಿದ್ದರು. ಅಷ್ಟರಲ್ಲಿ ಭವನದ ಕಾವಲುಗಾರ ಬಂದು, ಹತ್ತಕ್ಕೆ ಬೀಗ ಎಂದು ಹೇಳಿ, ಒಂದೊಂದೇ ದೀಪ ಆರಿಸತೊಡಗಿದ.

ಕ್ಲಬ್ಬಿನಲ್ಲಿ ಒಂದು ದಪ್ಪ ರೆಜಿಸ್ಟರ್ ಇದೆ. ಆಡಿದ ಪ್ರತಿ ಕದನವನ್ನೂ ಅದರಲ್ಲಿ ದಾಖಲಿಸಬೇಕು. ದಿನಾಂಕ, ಸೈನ್ಯಗಳು, ಯಾರು ಗೆದ್ದರು. ಹಳೆಯ ಪುಟಗಳಲ್ಲೆಲ್ಲ ಮೇಷ್ಟ್ರ ದುಂಡನೆಯ ಅಕ್ಷರವಿದೆ. ಆರು ವರ್ಷಗಳಿಂದ ಬೇರೆಯವರದು. ಅವರು ರೆಜಿಸ್ಟರನ್ನು ನನ್ನ ಕಡೆ ತಳ್ಳಿದರು. ದಿನಾಂಕ ಬರೆದೆ, ಈಜಿಪ್ಟ್ ಎಂದು ಬರೆದೆ, ಹಿಟ್ಟೈಟರು ಎಂದು ಬರೆದೆ. ಕೊನೆಯ ಕಂಬಸಾಲಿನಲ್ಲಿ ಪೆನ್ನು ನಿಲ್ಲಿಸಿ, ಏನೆಂದು ಬರೆಯಲಿ ಎಂದು ಕೇಳಿದೆ.

"ಸಮ ಅಂತ ಬರಿ" ಎಂದು ಕೋಟು ಹಾಕಿಕೊಳ್ಳಲು ಎದ್ದರು. ಒಂದು ತೋಳು ಹಾಕುವಷ್ಟರಲ್ಲಿ ತಿರುಗಿದರು. "ಬೇಡ. ಬಾಗಿಲು ಮುಚ್ಚೋ ಹೊತ್ತಾಯ್ತು, ಎದ್ದು ಬಂದ್ವಿ ಅಂತ ಬರಿ."